ಸಾಂತೊ ದೊಮಿಂಗೊದ ಹಳೇ ಪಟ್ಟಣ ಒಂದೇ ದಿನದಲ್ಲಿ: ಗೈಡ್ ಜೊತೆ ನಡೆದು ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗುವ ಕನ್ನಡಿಗರಲ್ಲಿ ಬಹುಪಾಲು ಜನ ಅಮೆರಿಕದಲ್ಲಿರುವವರು. ಚಳಿಗಾಲದ ರಜೆಗೆ ಪುಂತಾ ಕಾನಾದ ರೆಸಾರ್ಟಿನಲ್ಲಿ ನಾಲ್ಕೈದು ದಿನ ಇದ್ದು, ಅದರಲ್ಲೊಂದು ದಿನ ರಾಜಧಾನಿ ಸಾಂತೊ ದೊಮಿಂಗೊ ನೋಡಿಬರೋಣ ಎಂದು ಹೊರಡುತ್ತಾರೆ. ರೆಸಾರ್ಟಿನ ಬಸ್ ಟೂರ್ ಹಿಡಿದರೆ ಒಂದು ಗುಹೆ, ಒಂದು ದೀಪಸ್ತಂಭ, ಒಂದು ಆಭರಣದಂಗಡಿ, ಬಫೆ ಊಟ ಎಲ್ಲ ಮುಗಿದ ಮೇಲೆ ಹಳೇ ಪಟ್ಟಣಕ್ಕೆ ಉಳಿಯುವುದು ಎರಡು ಗಂಟೆ, ಅದೂ ನಡುಮಧ್ಯಾಹ್ನದ ಬಿಸಿಲಿನಲ್ಲಿ. ಕಾರು ಮತ್ತು ಗೈಡನ್ನು ನೀವೇ ಗೊತ್ತುಮಾಡಿಕೊಂಡರೆ ಅದೇ ದಿನದಲ್ಲಿ ಏಳು ಗಂಟೆ ಸಿಗುತ್ತದೆ.

ಸೋನಾ ಕೊಲೊನಿಯಾಲ್ ಎನ್ನುವ ಈ ಭಾಗ ಹೆಚ್ಚುಕಡಿಮೆ ಒಂದು ಚದರ ಕಿಲೋಮೀಟರ್. 1990ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎಲ್ಲಿಂದ ಎಲ್ಲಿಗೂ ಹತ್ತು ಹದಿನೈದು ನಿಮಿಷದ ನಡಿಗೆ, ಹಾಗಾಗಿ ದೂರದ ಚಿಂತೆ ಇಲ್ಲ. ಕೆಡುವುದೆಲ್ಲ ಯಾವುದನ್ನು ಯಾವಾಗ ನೋಡುವುದು ಎಂಬುದರಲ್ಲಿ. ಬಸ್ಸುಗಳು ಜನರನ್ನು ಮೊದಲು ಕತೀಡ್ರಲ್ ಮುಂದೆ ಇಳಿಸುತ್ತವೆ. ನೀವು ನದಿಯ ದಡದ ಕೋಟೆಯಿಂದ ಶುರುಮಾಡಿ, ಕತೀಡ್ರಲನ್ನು ಮಧ್ಯಾಹ್ನಕ್ಕಿಟ್ಟು, ಪಶ್ಚಿಮದ ಊರಬಾಗಿಲಲ್ಲಿ ಮುಗಿಸಿ. ಈ ಊರು ಎದ್ದ 1502ರಲ್ಲಿ ಹೊರಟು, ದೇಶ ಸ್ವತಂತ್ರವಾದ 1844ಕ್ಕೆ ತಲುಪುವ ದಾರಿ ಅದು. ಬಿಸಿಲಿಗೂ ಜನಸಂದಣಿಗೂ ಅದೇ ಸರಿಹೊಂದುತ್ತದೆ.

ಹೊರಡುವ ಮೊದಲು

ಸೋಮವಾರ ಹೋಗಬೇಡಿ. ಅಲ್ಕಾಸರ್, ಕಾಸಾಸ್ ರೆಯಾಲೆಸ್‌ನಂಥ ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಆ ದಿನ ಹೋದರೆ ಗೋಡೆ ನೋಡಿಕೊಂಡು ಬರಬೇಕು. ಭಾನುವಾರ ಕತೀಡ್ರಲ್‌ನಲ್ಲಿ ಪೂಜೆ ನಡೆಯುವುದರಿಂದ ಪ್ರವಾಸಿಗರಿಗೆ ಅಡಚಣೆ. ಮಂಗಳವಾರದಿಂದ ಶುಕ್ರವಾರದವರೆಗೆ ಯಾವ ದಿನವಾದರೂ ಸರಿ. ಫೆಬ್ರವರಿ 27 ದೇಶದ ಸ್ವಾತಂತ್ರ್ಯ ದಿನ. ಮೆರವಣಿಗೆ ನೋಡುವ ಆಸೆಯಿದ್ದರೆ ಮಾತ್ರ ಆ ದಿನ ಆರಿಸಿ, ಕಾರಿನ ಆಸೆ ಬಿಡಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ; ಡಿಸೆಂಬರ್‌ನಿಂದ ಮಾರ್ಚ್ ನಡಿಗೆಗೆ ಹಿತ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ನಿವಾಸ ಪರವಾನಗಿ ಇದ್ದರೆ ಪ್ರವಾಸಕ್ಕೆ ಅದರ ಮೇಲೇ ಬಿಡುತ್ತಾರೆ. ಇಂಥ ನಿಯಮಗಳು ಬದಲಾಗುವುದುಂಟು, ಟಿಕೆಟ್ ಕೊಳ್ಳುವ ಮೊದಲು ದೂತಾವಾಸದ ಪುಟ ನೋಡಿ. ಇದಲ್ಲದೆ ವಲಸೆ ಇಲಾಖೆಯ ಇ-ಟಿಕೆಟ್ ಎಂಬ ಆನ್‌ಲೈನ್ ಫಾರಂ ತುಂಬಲೇಬೇಕು. ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ದಲ್ಲಾಳಿಯದು. ಬರುವಾಗಿನ ಮತ್ತು ಹೊರಡುವಾಗಿನ ಎರಡೂ ಕೋಡ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವಿಮಾನ ನಿಲ್ದಾಣದ ವೈಫೈ ನಂಬಿ ಕೂರಬೇಡಿ.

ಅಮೆರಿಕದ ಡಾಲರ್ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ, ಆದರೆ ಅವರ ದರದಲ್ಲಿ. ಟಿಕೆಟ್, ನೀರು, ಕಾಫಿಗೆಲ್ಲ ಇಲ್ಲಿನ ಹಣ ಪೆಸೊ ಇರಲಿ. 100, 200ರ ನೋಟುಗಳೇ ಹೆಚ್ಚಿರಲಿ, ಏಕೆಂದರೆ ಟಿಕೆಟ್ ಕಿಟಕಿಯಲ್ಲಿ 2000ದ ನೋಟಿಗೆ ಚಿಲ್ಲರೆ ಹುಟ್ಟುವುದಿಲ್ಲ. ಕಾರ್ಡ್ ಯಂತ್ರ ‘ಡಾಲರಿನಲ್ಲೋ ಪೆಸೊದಲ್ಲೋ’ ಎಂದು ಕೇಳಿದರೆ ಪೆಸೊ ಒತ್ತಿ. ಡಾಲರ್ ಒತ್ತಿದರೆ ವಿನಿಮಯ ದರ ಅಂಗಡಿಯ ಬ್ಯಾಂಕಿನದು, ನಷ್ಟ ನಿಮ್ಮದು. ಹೋಟೆಲ್ ಬಿಲ್ಲಿನಲ್ಲಿ 18% ತೆರಿಗೆ, 10% ಸೇವಾ ಶುಲ್ಕ ಸೇರುತ್ತದೆ. ಮೆನುವಿನಲ್ಲಿ ಕಂಡ ಬೆಲೆಗೆ ಇವೆರಡೂ ಸೇರಿವೆಯೋ ಇಲ್ಲವೋ ಮೊದಲೇ ಕೇಳಿ.

ಸಾಂತೊ ದೊಮಿಂಗೊ ಹದಿನೆಂಟೂವರೆ ಡಿಗ್ರಿ ಅಕ್ಷಾಂಶದಲ್ಲಿದೆ, ಬೀದರಿಗಿಂತ ತುಸು ಉತ್ತರ. ಬಿಸಿಲು ಬೀದರಿನದು, ಬೆವರು ಮಂಗಳೂರಿನದು ಎಂದುಕೊಂಡು ಸಿದ್ಧರಾಗಿ. ಟೋಪಿ, ಹತ್ತಿಯ ಬಟ್ಟೆ, ತಲೆಗೊಂದು ಲೀಟರ್ ಬಾಟಲಿ ನೀರು ಬೇಕು. ನಲ್ಲಿ ನೀರು ಕುಡಿಯಬೇಡಿ. ಹಾಸುಗಲ್ಲುಗಳು ಶತಮಾನಗಳಿಂದ ಸವೆದು ನುಣುಪಾಗಿವೆ, ಒಂದು ಮಳೆ ಬಿದ್ದರೆ ಜಾರುತ್ತವೆ. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಬೇಡ. ಕತೀಡ್ರಲ್‌ಗೂ ರಾಷ್ಟ್ರೀಯ ಸಮಾಧಿ ಮಂದಿರಕ್ಕೂ ಮೊಣಕಾಲು ಮುಚ್ಚುವ, ತೋಳಿರುವ ಉಡುಪು ಬೇಕು. ಬೀಚಿನ ಚಡ್ಡಿಯಲ್ಲಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ತೆಳ್ಳನೆಯ ಪ್ಯಾಂಟೊಂದನ್ನು ಬೆಳಿಗ್ಗೆಯೇ ಹಾಕಿಕೊಂಡು ಹೊರಟರೆ ಈ ತಲೆನೋವಿಲ್ಲ.

ಗೈಡನ್ನು ಆರಿಸುವುದು

ಪರವಾನಗಿ ಇರುವ ಗೈಡ್‌ಗಳಿಗೆ ಪ್ರವಾಸೋದ್ಯಮ ಸಚಿವಾಲಯ ಫೋಟೊ ಇರುವ ಗುರುತಿನ ಚೀಟಿ ಕೊಡುತ್ತದೆ. ಕತೀಡ್ರಲ್ ಮುಂದಿನ ಪಾರ್ಕೆ ಕೊಲೊನ್‌ನಲ್ಲಿ ‘ಮೈ ಫ್ರೆಂಡ್, ಇದು ಫ್ರೀ’ ಎಂದು ಜೊತೆಗೂಡುವವರಲ್ಲಿ ಕೆಲವರ ಬಳಿ ಅದಿರುವುದಿಲ್ಲ, ಕೊನೆಯಲ್ಲಿ ಕೇಳುವ ಹಣವೂ ಫ್ರೀ ಅಲ್ಲ. ಚೀಟಿ ತೋರಿಸಿ ಎನ್ನಲು ಸಂಕೋಚ ಬೇಡ.

ಮಾತುಕತೆಯಲ್ಲಿ ಐದು ವಿಷಯ ಹೊರಡುವ ಮೊದಲೇ ಇತ್ಯರ್ಥವಾಗಬೇಕು: ಎಷ್ಟು ಗಂಟೆ, ಯಾವ ಭಾಷೆ, ಹಣ ತಲೆಗೋ ಗುಂಪಿಗೋ, ಪ್ರವೇಶ ಟಿಕೆಟ್ ಸೇರಿದೆಯೋ, ಮತ್ತು ದಾರಿಯಲ್ಲಿ ಅಂಗಡಿಗೆ ಹೋಗುವುದುಂಟೋ. ಕೊನೆಯದೇ ಮುಖ್ಯ. ಲಾರಿಮಾರ್ (ಇಲ್ಲಿನ ನೀಲಿ ಕಲ್ಲು), ಅಂಬರ್ (ಕಲ್ಲಾದ ಮರದ ಅಂಟು), ಸಿಗಾರ್, ಚಾಕೊಲೇಟ್ ಅಂಗಡಿಗಳಲ್ಲಿ ಗೈಡಿಗೆ ಕಮಿಷನ್ ಸಿಗುವುದುಂಟು. ಒಂದೊಂದು ಅಂಗಡಿ ಅರ್ಧ ಗಂಟೆ ನುಂಗುತ್ತದೆ. ‘ಅಂಗಡಿ ಕೊನೆಗೆ, ಸಮಯವಿದ್ದರೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಿ.

ಇಡೀ ದಿನಕ್ಕೆ ಗೈಡ್ ಬೇಕಿಲ್ಲ. ಬೆಳಗಿನ ಮೂರು ಗಂಟೆ, ಕೋಟೆಯಿಂದ ಅಲ್ಕಾಸರ್‌ವರೆಗೆ, ಸಾಕು. ಕತೀಡ್ರಲ್‌ನಲ್ಲಿ ಆಡಿಯೊ ಗೈಡ್ ಕೊಡುತ್ತಾರೆ. ಕಾಲುನೋವಿರುವ ಹಿರಿಯರು ಜೊತೆಗಿದ್ದರೆ ಚು ಚು ಕೊಲೊನಿಯಾಲ್ ಎಂಬ ಪುಟಾಣಿ ರೈಲಿನಂಥ ಬಂಡಿ ಮುಕ್ಕಾಲು ಗಂಟೆಯಲ್ಲಿ ಒಂದು ಸುತ್ತು ಹಾಕಿಸುತ್ತದೆ. ಅದರಲ್ಲಿ ಕಾಣುವುದು ಕಟ್ಟಡಗಳ ಹೊರಮೈ ಮಾತ್ರ.

ಒಂದು ಕಿವಿಮಾತು. ಇಲ್ಲಿನ ಗೈಡ್‌ಗಳ ಬಾಯಲ್ಲಿ ‘ಅಮೆರಿಕ ಖಂಡದಲ್ಲೇ ಮೊದಲನೆಯದು’ ಎಂಬ ಮಾತು ನಿಮಿಷಕ್ಕೊಮ್ಮೆ ಬರುತ್ತದೆ: ಮೊದಲ ಕತೀಡ್ರಲ್, ಮೊದಲ ಆಸ್ಪತ್ರೆ, ಮೊದಲ ವಿಶ್ವವಿದ್ಯಾಲಯ. ಯುರೋಪಿನವರು ಕಟ್ಟಿದವುಗಳಲ್ಲಿ ಮೊದಲನೆಯದು ಎಂದು ಓದಿಕೊಳ್ಳಿ. ಕಟ್ಟಿದ ಕೈಗಳು ಯಾರವು ಎಂದೂ ಕೇಳಿ. ಈ ದ್ವೀಪದ ಮೂಲ ಜನ ತಾಯಿನೊಗಳು. ಬಲವಂತದ ದುಡಿಮೆ ಮತ್ತು ಯುರೋಪಿನ ರೋಗಗಳಿಂದ ಕೆಲವೇ ದಶಕಗಳಲ್ಲಿ ಅವರ ಸಂಖ್ಯೆ ಕುಸಿಯಿತು. ಆ ಜಾಗಕ್ಕೆ ಆಫ್ರಿಕಾದ ಗುಲಾಮರನ್ನು ತಂದರು. 1521ರ ಕ್ರಿಸ್‌ಮಸ್ ಹೊತ್ತಿಗೆ ಕೊಲಂಬಸನ ಮಗ ದಿಯೆಗೊನ ಸಕ್ಕರೆ ಆಲೆಯಲ್ಲೇ ಆ ಗುಲಾಮರು ಬಂಡೆದ್ದರು. ಇದನ್ನು ಕೇಳಿದೊಡನೆ ಮುಖ ಅರಳಿಸಿ ಹೇಳಲು ಶುರುಮಾಡುವ ಗೈಡ್ ಸಿಕ್ಕರೆ ನಿಮ್ಮ ದಿನ ಗೆದ್ದಿತು.

ಬೆಳಿಗ್ಗೆ 6:30: ಪುಂತಾ ಕಾನಾದಿಂದ

ದೂರ ಸುಮಾರು 200 ಕಿ.ಮೀ., ಹೆದ್ದಾರಿ ಚೆನ್ನಾಗಿದೆ, ಟೋಲ್ ಇದೆ. ಎರಡೂವರೆಯಿಂದ ಮೂರು ಗಂಟೆ. ಏಳೂವರೆಗೆ ಹೊರಟರೆ ನಗರದ ಹೊಸ್ತಿಲಲ್ಲಿ ಟ್ರಾಫಿಕ್ ಸಿಕ್ಕಿ ಹತ್ತೂವರೆ ದಾಟುತ್ತದೆ. ಪುಂತಾ ಕಾನಾ ಪಕ್ಕದ ಬಾವಾರೊದಿಂದ ರಾಜಧಾನಿಗೆ ಎಸಿ ಬಸ್ಸೂ ಇದೆ, ಅಗ್ಗ. ಆದರೆ ಅದು ಹಳೇ ಪಟ್ಟಣದೊಳಗೆ ಇಳಿಸುವುದಿಲ್ಲ, ಅಲ್ಲಿಂದ ಊಬರ್ ಹಿಡಿಯಬೇಕು. ಹಡಗಿನಲ್ಲಿ ಬಂದು ದೊನ್ ದಿಯೆಗೊ ಟರ್ಮಿನಲ್‌ನಲ್ಲಿ ಇಳಿಯುವವರು ಪುಣ್ಯವಂತರು, ಕೋಟೆಗೆ ನಡೆದೇ ಬರಬಹುದು.

ಚಾಲಕನಿಗೆ ಎರಡು ಜಾಗ ಹೇಳಿ: ಇಳಿಸುವುದು ನದಿಯ ದಡದ ಕೋಟೆ ಫೊರ್ತಾಲೆಸಾ ಓಸಾಮಾ ಹತ್ತಿರ, ಸಂಜೆ ಹತ್ತಿಸಿಕೊಳ್ಳುವುದು ಪಶ್ಚಿಮದ ಊರಬಾಗಿಲ ಉದ್ಯಾನ ಪಾರ್ಕೆ ಇಂದೆಪೆಂದೆನ್ಸಿಯಾ ಬಳಿ. ಇಳಿದಲ್ಲಿಗೇ ವಾಪಸ್ ಬರುವ ಯೋಜನೆ ಹಾಕಿದರೆ ಸುಸ್ತಾದ ಕಾಲಿಗೆ ಇನ್ನೊಂದು ಕಿಲೋಮೀಟರ್ ಸೇರುತ್ತದೆ.

9:30: ಕೋಟೆ ಮತ್ತು ಕಾಯೆ ಲಾಸ್ ದಾಮಾಸ್

ಓಸಾಮಾ ನದಿ ಸಮುದ್ರ ಸೇರುವ ಬಾಯಲ್ಲೇ ಕೋಟೆ ನಿಂತಿದೆ. ಒಳಗಿರುವ ತೊರೆ ದೆಲ್ ಒಮೆನಾಹೆ ಎಂಬ ಗೋಪುರದ ಕೆಲಸ 1500ರ ದಶಕದ ಮೊದಲ ವರ್ಷಗಳದು, ಎತ್ತರ ಸುಮಾರು 18 ಮೀಟರ್. ಬಿಸಿಲೇರುವ ಮುಂಚೆ ಮೇಲೆ ಹತ್ತಿ. ಮೆಟ್ಟಿಲು ಇಕ್ಕಟ್ಟು, ತಲೆ ಬಗ್ಗಿಸಿ. ಇಳಿಯುವವರು ಬರುತ್ತಿದ್ದರೆ ಕೆಳಗೇ ಕಾಯಿರಿ. ಮೇಲೆ ನಿಂತಾಗ ಗೈಡನ್ನು ನದಿಯ ಆಚೆ ದಡ ತೋರಿಸಲು ಹೇಳಿ, ಊರಿನ ಇಡೀ ಕತೆಗೆ ಅದು ಬೀಗದ ಕೈ. ಕೊಲಂಬಸನ ತಮ್ಮ ಬಾರ್ತೊಲೊಮೆ ಮೊದಲು ಊರು ಕಟ್ಟಿದ್ದು ಆ ಕಡೆ, 1490ರ ದಶಕದ ಕೊನೆಯಲ್ಲಿ. 1502ರಲ್ಲಿ ಗವರ್ನರ್ ನಿಕೊಲಾಸ್ ದೆ ಓವಾಂದೊ ದೊಡ್ಡ ಹಡಗುಪಡೆಯೊಂದನ್ನು ಸ್ಪೇನಿಗೆ ಕಳುಹಿಸಲು ಸಿದ್ಧನಾಗಿದ್ದ. ಅದೇ ಹೊತ್ತಿಗೆ ಬಂದ ಕೊಲಂಬಸ್ ಚಂಡಮಾರುತ ಬರಲಿದೆ, ಹಡಗು ಬಿಡಬೇಡ, ನನಗೂ ಬಂದರಿನಲ್ಲಿ ಆಶ್ರಯ ಕೊಡು ಎಂದ. ಓವಾಂದೊ ಎರಡಕ್ಕೂ ಒಪ್ಪಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹಡಗು ಮುಳುಗಿದವು, ಮೊದಲಿನ ಗವರ್ನರ್ ಬೊಬಾದಿಯಾ ಅದರಲ್ಲೇ ಸತ್ತ, ಊರೂ ನೆಲಸಮವಾಯಿತು. ಆಮೇಲೆ ಓವಾಂದೊ ಈ ಪಶ್ಚಿಮ ದಡದಲ್ಲಿ ನೇರ ಬೀದಿಗಳ ಹೊಸ ಊರು ಹಾಕಿಸಿದ. ಅದರೊಳಗೇ ನೀವೀಗ ನಡೆಯುವುದು.

ಅಂಗಳದಲ್ಲಿರುವ ಕಂಚಿನ ಮೂರ್ತಿ ಗೊನ್ಸಾಲೊ ಫೆರ್ನಾಂದೆಸ್ ದೆ ಓವಿಯೆದೊನದು; ಈ ಕೋಟೆಯ ಅಧಿಕಾರಿಯಾಗಿದ್ದುಕೊಂಡೇ ಹೊಸ ಖಂಡದ ಗಿಡಮರ, ಪ್ರಾಣಿ, ಯುದ್ಧಗಳ ಚರಿತ್ರೆ ಬರೆದವ. ಇಪ್ಪತ್ತನೇ ಶತಮಾನದಲ್ಲಿ, ಸರ್ವಾಧಿಕಾರಿ ತ್ರುಹಿಯೊನ ಕಾಲದಲ್ಲೂ, ಇದು ಸೆರೆಮನೆಯಾಗಿತ್ತು. ಫಲಕಗಳು ಆ ಬಗ್ಗೆ ಹೆಚ್ಚು ಬಾಯಿಬಿಡುವುದಿಲ್ಲ.

ಕೋಟೆಯ ಬಾಗಿಲಿನಿಂದ ಬಲಕ್ಕೆ, ಉತ್ತರಕ್ಕೆ ನಡೆಯಿರಿ. ಕಾಯೆ ಲಾಸ್ ದಾಮಾಸ್, ಹೆಂಗಸರ ಬೀದಿ: ಕೊಲಂಬಸನ ಮಗ ದಿಯೆಗೊ ಕೊಲೊನನ (ಸ್ಪ್ಯಾನಿಷ್‌ನಲ್ಲಿ ಕೊಲಂಬಸ್ ಎಂದರೆ ಕೊಲೊನ್) ಹೆಂಡತಿ ಮಾರಿಯಾ ದೆ ತೊಲೆದೊ ಸಂಜೆ ಸಖಿಯರ ಜೊತೆ ಇಲ್ಲಿ ಅಡ್ಡಾಡುತ್ತಿದ್ದಳಂತೆ. ಬೆಳಗಿನ ಹೊತ್ತು ಪೂರ್ವದ ಸಾಲಿನ ಕಟ್ಟಡಗಳ ನೆರಳು ಸಿಗುತ್ತದೆ, ಆ ಮಗ್ಗುಲೇ ಹಿಡಿಯಿರಿ. ಓವಾಂದೊನ ಮನೆ ಈಗ ಹೋಟೆಲ್. ಎದುರಿಗೆ ರಾಷ್ಟ್ರೀಯ ಸಮಾಧಿ ಮಂದಿರ: ಹದಿನೆಂಟನೇ ಶತಮಾನದ ಜೆಸ್ವಿಟ್ ಚರ್ಚು, ಆಮೇಲೆ ತಂಬಾಕಿನ ಗೋದಾಮು, ಆಮೇಲೆ ನಾಟಕಶಾಲೆ, 1950ರ ದಶಕದಲ್ಲಿ ತ್ರುಹಿಯೊ ಅದನ್ನು ವೀರರ ಸಮಾಧಿಯಾಗಿಸಿದ. ಒಳಗಿನ ದೊಡ್ಡ ದೀಪಗುಚ್ಛ ಸ್ಪೇನಿನ ಫ್ರಾಂಕೊ ಕೊಟ್ಟದ್ದು. ಒಬ್ಬ ಸರ್ವಾಧಿಕಾರಿ ಇನ್ನೊಬ್ಬನಿಗೆ ಕೊಟ್ಟ ಉಡುಗೊರೆ ಇಂದು ಗಣರಾಜ್ಯದ ವೀರರ ಮೇಲೆ ತೂಗುತ್ತಿದೆ. ಹತ್ತು ನಿಮಿಷ ಸಾಕು, ಟೋಪಿ ತೆಗೆಯಿರಿ, ಕಾವಲುಗಾರನ ಪಕ್ಕ ನಿಂತು ಚೇಷ್ಟೆಯ ಫೋಟೊ ಬೇಡ.

ಮುಂದೆ 1753ರ ನೆರಳುಗಡಿಯಾರ. ಅದರ ಎದುರಿನದು ಮ್ಯೂಸಿಯೊ ದೆ ಲಾಸ್ ಕಾಸಾಸ್ ರೆಯಾಲೆಸ್. ಒಂದೇ ಮ್ಯೂಸಿಯಂ ನೋಡುವ ಶಕ್ತಿ ಇದ್ದರೆ ಇದನ್ನೇ ನೋಡಿ, ಪೂರಾ ಒಂದು ಗಂಟೆ ಕೊಡಿ. 1511ರಲ್ಲಿ ಸ್ಥಾಪನೆಯಾದ ರಾಜ ನ್ಯಾಯಾಲಯ ರೆಯಾಲ್ ಆವ್ದಿಯೆನ್ಸಿಯಾ ಕೂತ ಕಟ್ಟಡ ಇದು. ಕೊಲಂಬಸನ ಯಾನಗಳ ನಕ್ಷೆ, ಹಳೇ ಔಷಧಾಲಯದ ಮರುಸೃಷ್ಟಿ, ತ್ರುಹಿಯೊ ಕೊಂಡುತಂದ ಆಯುಧಗಳ ಸಂಗ್ರಹ ಇವೆ. ಸಕ್ಕರೆ ಆಲೆ ಮತ್ತು ಗುಲಾಮಗಿರಿಯ ಭಾಗವನ್ನು ಅವಸರದಲ್ಲಿ ದಾಟಬೇಡಿ; ಹೊರಗಿನ ಕಲ್ಲಿನ ವೈಭವಕ್ಕೆಲ್ಲ ಹಣ ಬಂದ ದಾರಿ ಅಲ್ಲಿದೆ.

11:15: ಅಲ್ಕಾಸರ್

ಬೀದಿ ಮುಗಿದಲ್ಲಿ ಪ್ಲಾಸಾ ದೆ ಎಸ್ಪಾನ್ಯಾ ತೆರೆದುಕೊಳ್ಳುತ್ತದೆ. ವಿಶಾಲ ಬಯಲು, ಹಿಡಿ ನೆರಳಿಲ್ಲ. ಹನ್ನೆರಡರ ಮೇಲೆ ಕಾದ ಹಂಚು. ನೇರ ದಾಟಿ ಅಲ್ಕಾಸರ್ ದೆ ಕೊಲೊನ್ ಒಳಗೆ ಹೊಕ್ಕುಬಿಡಿ. 1509ರಲ್ಲಿ ಗವರ್ನರ್ ಆಗಿ ಬಂದ ದಿಯೆಗೊ ಕೊಲೊನ್ 1510ರ ದಶಕದಲ್ಲಿ ಹವಳದ ಸುಣ್ಣಕಲ್ಲಿನಲ್ಲಿ ಕಟ್ಟಿಸಿದ ಅರಮನೆ. ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿದರೆ ಹವಳದ ತೂತುಗಳು, ಚಿಪ್ಪಿನ ಗುರುತುಗಳು ಕಾಣುತ್ತವೆ.

ಇಲ್ಲಿ ತಿಳಿದುಕೊಂಡಿರಬೇಕಾದ್ದು: ಪೀಠೋಪಕರಣ ಯಾವುದೂ ಕೊಲಂಬಸ್ ಮನೆತನದ್ದಲ್ಲ. ಕಟ್ಟಡ ಪಾಳುಬಿದ್ದು ಚಾವಣಿಯಿಲ್ಲದೆ ನಿಂತಿತ್ತು. 1955ರಿಂದ 57ರವರೆಗೆ ಅದನ್ನು ಎತ್ತಿನಿಲ್ಲಿಸಿ, ಆ ಕಾಲದ ಸಾಮಾನುಗಳನ್ನು ಸ್ಪೇನಿನಿಂದ ತಂದು ಜೋಡಿಸಿದರು. ಹಾಗಾಗಿ ಮಂಚ ಮೇಜಿನ ಮುಂದೆ ಹೊತ್ತು ಕಳೆಯದೆ ಮಹಡಿಯ ಕಮಾನಿನ ಮೊಗಸಾಲೆಗೆ ಹೋಗಿ ನಿಲ್ಲಿ. ನದಿಯ ಗಾಳಿ ಬೀಸುತ್ತದೆ, ಹಡಗು ಬಂದದ್ದು ಮನೆಯವರಿಗೆ ಎಲ್ಲಿಂದ ಕಾಣುತ್ತಿತ್ತೆಂದು ತಿಳಿಯುತ್ತದೆ. ಗೈಡಿನ ಮೂರು ಗಂಟೆ ಇಲ್ಲಿಗೆ ಮುಗಿಯುತ್ತದೆ, ಲೆಕ್ಕ ತೀರಿಸಿ. ಮಕ್ಕಳಿದ್ದರೆ ಕೆಳಗಿನ ಆತಾರಾಸಾನಾಸ್, ಅಂದರೆ ಹಳೇ ಹಡಗುಕಟ್ಟೆಯ, ಮುಳುಗಿದ ಹಡಗುಗಳ ಮ್ಯೂಸಿಯಂಗೆ ಮುಕ್ಕಾಲು ಗಂಟೆ ಇಡಿ. ಎಸಿ ಇದೆ ಎಂಬುದೂ ಒಂದು ಕಾರಣ.

12:15: ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಪ್ಲಾಸಾದ ಅಂಚಿನ ಹೋಟೆಲುಗಳಲ್ಲಿ ನೋಟಕ್ಕೂ ಸೇರಿಸಿ ಬೆಲೆ. ಒಳಬೀದಿಯ ಕೊಮೆದೊರ್‌ಗಳು, ಅಂದರೆ ಊಟದ ಸಣ್ಣ ಹೋಟೆಲುಗಳು, ಅಗ್ಗ ಮತ್ತು ತಾಜಾ. ಎರಡು ಗಂಟೆಯ ಹೊತ್ತಿಗೆ ಪಾತ್ರೆ ಖಾಲಿ. ಇಲ್ಲಿನ ದಿನನಿತ್ಯದ ಊಟ ಅನ್ನ, ಬೀನ್ಸ್ ಸಾರು, ಮಾಂಸ, ಸಲಾಡ್. ಅದಕ್ಕೆ ಲಾ ಬಂದೇರಾ ಎನ್ನುತ್ತಾರೆ.

ಮಾಂಸ ಬೇಡವೆಂದರೆ ಅನ್ನ ಬೀನ್ಸ್ ಕೊಡುತ್ತಾರೆ. ಸಸ್ಯಾಹಾರಿಗಳು ಮೋಸಹೋಗುವುದು ಅಲ್ಲೇ. ಬೀನ್ಸಿಗೆ ಕೋಳಿಯ ಸಾರಿನ ಕ್ಯೂಬ್ ಹಾಕುವ ರೂಢಿ ಇದೆ, ಅದರ ಹೆಸರು ಸೊಪಿತಾ. ಕೆಲವೆಡೆ ಹಂದಿಮಾಂಸದ ತುಂಡೂ ಬೀಳುತ್ತದೆ. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದಷ್ಟೇ ಅರ್ಥ, ಕೋಳಿ ಅವರ ಲೆಕ್ಕದಲ್ಲಿ ಅದರಾಚೆ ಉಳಿಯಬಹುದು. ಪೂರ್ತಿ ಹೀಗೆ ಹೇಳಿ: ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಹಮೊನ್, ಸಿನ್ ಸೊಪಿತಾ’, ಅಂದರೆ ಮಾಂಸ, ಕೋಳಿ, ಹಂದಿಮಾಂಸ, ಕ್ಯೂಬ್ ಯಾವುದೂ ಬೇಡ. ಮೊಟ್ಟೆಯೂ ಬೇಡದಿದ್ದರೆ ‘ಸಿನ್ ವೆವೊ’ ಸೇರಿಸಿ. ಬರೆದಿಟ್ಟುಕೊಂಡು ಫೋನಿನಲ್ಲಿ ತೋರಿಸುವುದು ಇನ್ನೂ ಒಳ್ಳೆಯದು.

ಧೈರ್ಯವಾಗಿ ಕೇಳಬಹುದಾದವು: ತೊಸ್ತೋನೆಸ್ (ಬಾಳೆಕಾಯಿಯನ್ನು ಕರಿದು, ಚಪ್ಪಟೆ ಮಾಡಿ, ಮತ್ತೆ ಕರಿದದ್ದು), ಬೇಯಿಸಿದ ಮರಗೆಣಸು, ಬೆರೆನ್ಹೆನಾ ಗಿಸಾದಾ ಎಂಬ ಬದನೆಕಾಯಿ ಗೊಜ್ಜು, ಬೆಣ್ಣೆಹಣ್ಣು. ಮರಗೆಣಸಿನ ಗರಿಗರಿ ರೊಟ್ಟಿ ಕಸಾಬೆ ತಾಯಿನೊಗಳ ಕಾಲದ್ದು, ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ, ದಾರಿಗೆ ಒಂದು ಕಟ್ಟು ಇರಲಿ. ಮೊರೊ ದೆ ಗ್ವಾಂದೂಲೆಸ್ ಕಂಡರೆ ಬಿಡಬೇಡಿ. ಅದು ಹಸಿ ತೊಗರಿಕಾಳಿನ ಅನ್ನ, ಕೆಲವೆಡೆ ತೆಂಗಿನಹಾಲು ಹಾಕಿದ್ದು. ನಮ್ಮ ಕಲಬುರಗಿಯ ತೊಗರಿಯ ಕುಲವೇ. ಭಾರತದಿಂದ ಆಫ್ರಿಕಾಕ್ಕೆ ಹೋಗಿ, ಗುಲಾಮರ ಹಡಗುಗಳ ಕಾಲದಲ್ಲಿ ಈ ದ್ವೀಪಗಳಿಗೆ ಬಂದ ಬೆಳೆ. ಅದಕ್ಕೂ ಸೊಪಿತಾ ಪ್ರಶ್ನೆ ಕೇಳುವುದು ಮರೆಯಬೇಡಿ. ಕುಡಿಯಲು ಚಿನೋಲಾ, ಅಂದರೆ ಪ್ಯಾಷನ್ ಹಣ್ಣಿನ ರಸ.

1:30: ಪಾಳುಗೋಡೆಗಳು, ಆಮೇಲೆ ಕತೀಡ್ರಲ್

ಎಮಿಲಿಯಾನೊ ತೆಹೆರಾ ಬೀದಿ ಹಿಡಿದು ಪಶ್ಚಿಮಕ್ಕೆ. ಮೂಲೆಯಲ್ಲಿ ಬಾಗಿಲ ಮೇಲೆ ಕಲ್ಲಿನ ಹಗ್ಗ ಕೆತ್ತಿದ ಕಾಸಾ ದೆಲ್ ಕೊರ್ದೊನ್, ಈಗ ಬ್ಯಾಂಕಿನ ವಶದಲ್ಲಿದೆ. ತುಸು ಏರು ಹತ್ತಿದರೆ ಸಾನ್ ಫ್ರಾನ್ಸಿಸ್ಕೊ ಮಠದ ಅವಶೇಷ. 1586ರ ಜನವರಿಯಲ್ಲಿ ಇಂಗ್ಲೆಂಡಿನ ಕಡಲದಾಳಿಕಾರ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ಒಂದು ತಿಂಗಳು ಕೂತು, ಸುಡುತ್ತಾ ಸುಡುತ್ತಾ ಚೌಕಾಸಿ ಮಾಡಿ 25,000 ಡುಕಾಟ್ (ಆ ಕಾಲದ ನಾಣ್ಯ) ಕಿತ್ತುಕೊಂಡು ಹೋದ. ಬೆಂಕಿ ತಗುಲಿದ ಮಠವನ್ನು ಮುಂದಿನ ಭೂಕಂಪಗಳು ಕೆಡವಿದವು. ದುರಸ್ತಿ ನಡೆಯುತ್ತಿದ್ದರೆ ಬೇಲಿಯ ಹೊರಗಿನಿಂದ ನೋಡಿ ಮುಂದೆ ಸಾಗಿ. ಒಸ್ತೋಸ್ ಬೀದಿಯ ಬಣ್ಣದ ಮನೆಗಳ ಇಳಿಜಾರಿನಲ್ಲಿ ದಕ್ಷಿಣಕ್ಕೆ ಇಳಿದರೆ ಓವಾಂದೊ 1503ರಲ್ಲಿ ಆರಂಭಿಸಿದ ಸಾನ್ ನಿಕೊಲಾಸ್ ದೆ ಬಾರಿ ಆಸ್ಪತ್ರೆಯ ಗೋಡೆಗಳು, ಪಾರಿವಾಳಗಳ ಸಂಸಾರ. ಈ ಬೀದಿಯಲ್ಲೆಲ್ಲ ಫೋಟೊ ತೆಗೆಯುವಾಗ ರಸ್ತೆಯ ಅಂಚಿಗೆ ಬೆನ್ನುಹಾಕಿ ಫೋನ್ ಚಾಚಬೇಡಿ. ಬೈಕಿನಲ್ಲಿ ಬಂದು ಕಸಿಯುವವರಿಗೆ ಅದೇ ಬೇಕು.

2:15ಕ್ಕೆ ಕತೀಡ್ರಲ್. ಬಸ್ಸುಗಳು ತೆರಳಿರುತ್ತವೆ, ಹೊರಗೆ ದಿನದ ಉರಿಬಿಸಿಲು, ದಪ್ಪ ಗೋಡೆಗಳೊಳಗೆ ತಂಪು. ಹದಿನಾರನೇ ಶತಮಾನದ ಮೊದಲರ್ಧದ ಕೆಲಸ, 1541ರಲ್ಲಿ ಪ್ರತಿಷ್ಠೆ. 1546ರಲ್ಲಿ ಪೋಪ್ ಮೂರನೇ ಪಾಲ್ ಅಮೆರಿಕ ಖಂಡದ ಅಗ್ರ ಕತೀಡ್ರಲ್ ಎಂಬ ಪಟ್ಟ ಕೊಟ್ಟ. ಮುಂಬಾಗಿಲ ಕೆತ್ತನೆ ಸ್ಪೇನಿನ ಪುನರುಜ್ಜೀವನ ಶೈಲಿ, ಒಳಗೆ ತಲೆಯೆತ್ತಿದರೆ ಗಾಥಿಕ್ ಕಮಾನುಗಳ ಪಕ್ಕೆಲುಬು. ಡ್ರೇಕ್ ಬಿಡಾರ ಹೂಡಿದ್ದು ಇಲ್ಲೇ. 1877ರಲ್ಲಿ ಇಲ್ಲೇ ಕೊಲಂಬಸನ ಹೆಸರಿದ್ದ ಸೀಸದ ಪೆಟ್ಟಿಗೆ ಸಿಕ್ಕಿತು. ಅಂದಿನಿಂದ ಮೂಳೆ ನಮ್ಮಲ್ಲಿವೆ ಎಂದು ಈ ಊರು, ಇಲ್ಲ ನಮ್ಮಲ್ಲಿವೆ ಎಂದು ಸ್ಪೇನಿನ ಸೆವಿಯಾ ನಗರ ಪಟ್ಟುಹಿಡಿದಿವೆ. ಪೆಟ್ಟಿಗೆಯನ್ನು 1992ರಲ್ಲಿ ನದಿಯಾಚೆಯ ಫಾರೊ ಆ ಕೊಲೊನ್ ಎಂಬ ಭಾರಿ ಕಾಂಕ್ರೀಟ್ ಸ್ಮಾರಕಕ್ಕೆ ಸಾಗಿಸಿದರು. ಅದನ್ನು ಕಾರಿನ ಕಿಟಕಿಯಿಂದ ನೋಡಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

3:30: ದೊಮಿನಿಕನ್ ಮಠದಿಂದ ಊರಬಾಗಿಲಿಗೆ

ಕತೀಡ್ರಲ್‌ನ ದಕ್ಷಿಣಕ್ಕೆ ಎರಡು ಬೀದಿ ದಾಟಿದರೆ ದೊಮಿನಿಕನ್ ಎಂಬ ಕ್ರೈಸ್ತ ಸನ್ಯಾಸಿ ಪಂಗಡದ ಚರ್ಚು. ಬಾಗಿಲು ತೆರೆದಿರುವ ಖಾತ್ರಿಯಿಲ್ಲ. ತೆರೆದಿದ್ದರೆ ರೊಸಾರಿಯೊ ಗುಡಿಯ ಚಾವಣಿಯಲ್ಲಿ ರಾಶಿಚಕ್ರ ಕೆತ್ತಿರುವುದನ್ನು ಹುಡುಕಿ. ಮುಚ್ಚಿದ್ದರೂ ಇಲ್ಲಿಗೆ ಬನ್ನಿ. 1538ರ ಪೋಪ್ ಆಜ್ಞೆಯಿಂದ ವಿಶ್ವವಿದ್ಯಾಲಯವಾದದ್ದು ಈ ಮಠವೇ. ಅದಕ್ಕೂ ದೊಡ್ಡ ಸಂಗತಿ, ಇಂದಿನ ಕಲ್ಲಿನ ಕಟ್ಟಡ ಪೂರ್ತಿಯಾಗುವ ಮೊದಲೇ, 1511ರ ಡಿಸೆಂಬರಿನ ಒಂದು ಭಾನುವಾರ, ಇದೇ ಪಂಗಡದ ಆಂತೊನಿಯೊ ದೆ ಮೊಂತೆಸಿನೊಸ್ ಎಂಬ ಪಾದ್ರಿ ಊರಿನ ದೊಡ್ಡವರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಈ ತಾಯಿನೊಗಳು ಮನುಷ್ಯರಲ್ಲವೇ ಎಂದು ಕೇಳಿದ. ಆಳುವವರು ಕೆರಳಿದರು, ದೂರು ಸ್ಪೇನಿನ ದೊರೆಯವರೆಗೂ ಹೋಯಿತು. ಅದೇ ಪಾದ್ರಿ ಬಾಯಿಗೆ ಕೈಯಿಟ್ಟು ಕೂಗುವ ದೈತ್ಯ ಮೂರ್ತಿ ಸಮುದ್ರದಂಡೆಯಲ್ಲಿದೆ, ಮೆಕ್ಸಿಕೊ 1982ರಲ್ಲಿ ಕೊಟ್ಟದ್ದು. ಕಾಲಿನಲ್ಲಿ ಕಸುವಿದ್ದರೆ ಅಲ್ಲಿಗೂ ಹೋಗಿಬನ್ನಿ.

ಮರಳಿ ಕಾಯೆ ಎಲ್ ಕೊಂದೆಗೆ. ವಾಹನವಿಲ್ಲದ ಅಂಗಡಿಬೀದಿ, ಕೊಳ್ಳುವುದಿದ್ದರೆ ಈಗ. ಲಾರಿಮಾರ್ ಎಂಬ ನೀಲಿ ಕಲ್ಲು ಜಗತ್ತಿನಲ್ಲಿ ಈ ದೇಶದ ಬರಾಓನಾ ಪ್ರಾಂತ್ಯದಲ್ಲಿ ಮಾತ್ರ ಸಿಗುತ್ತದೆ. ಅಸಲಿಯಲ್ಲಿ ತಿಳಿನೀಲಿಯೊಳಗೆ ಬಿಳಿಯ ಬಲೆ ಹರಡಿರುತ್ತದೆ, ಒಂದರಂತೆ ಇನ್ನೊಂದಿರುವುದಿಲ್ಲ, ಕೈಗೆ ತಣ್ಣಗೆ ಭಾರ ಎನಿಸುತ್ತದೆ. ಎಲ್ಲ ಮಣಿಯೂ ಅಚ್ಚು ಹೊಯ್ದಂತೆ ಒಂದೇ ಬಣ್ಣವಿದ್ದು ಹಗುರವಾಗಿದ್ದರೆ ಪ್ಲಾಸ್ಟಿಕ್. ಅಂಬರ್ ಇದಕ್ಕೆ ತದ್ವಿರುದ್ಧ: ಅಸಲಿಯೇ ಹಗುರ, ದಟ್ಟ ಉಪ್ಪುನೀರಿನಲ್ಲಿ ತೇಲುತ್ತದೆ. ಹೇಳಿದ ಬೆಲೆಯ ಅರ್ಧದಿಂದ ಮಾತು ಶುರುಮಾಡಿ. ಬೀದಿಬದಿಯಲ್ಲಿ ದುಬಾರಿ ಕಲ್ಲು ಕೊಳ್ಳಬೇಡಿ. ರಶೀದಿ ಕೊಡುವ ಅಂಗಡಿಯೇ ಇರಲಿ.

ಬೀದಿಯ ಪಶ್ಚಿಮದ ತುದಿಯಲ್ಲಿ ಪುಯೆರ್ತಾ ದೆಲ್ ಕೊಂದೆ. 1844ರ ಫೆಬ್ರವರಿ 27ರ ರಾತ್ರಿ ಹೈಟಿಯಿಂದ ಸ್ವಾತಂತ್ರ್ಯ ಘೋಷಿಸಿದ್ದು ಈ ಬಾಗಿಲಲ್ಲಿ. ಸ್ಪೇನಿನಿಂದಲ್ಲ, ನೆರೆಯ ಹೈಟಿಯಿಂದ; ಗೈಡ್ ಇಲ್ಲದೆ ಬಂದವರಿಗೆ ಇಲ್ಲಿ ಗೊಂದಲವಾಗುತ್ತದೆ. ಒಳಗಿನ ಉದ್ಯಾನದಲ್ಲಿ ದುವಾರ್ತೆ, ಸಾಂಚೆಸ್, ಮೆಯಾ ಎಂಬ ಮೂವರು ಸಂಸ್ಥಾಪಕರ ಸಮಾಧಿಯೂ, ದೇಶದ ರಸ್ತೆಗಳ ದೂರ ಅಳೆಯುವ ಸೊನ್ನೆ ಕಿಲೋಮೀಟರ್ ಗುರುತೂ ಇವೆ.

4:30ಕ್ಕೆ ಕಾರು ಹತ್ತಿ. ಐದರಿಂದ ಏಳರವರೆಗೆ ಓಸಾಮಾ ಸೇತುವೆಗಳು ಕಟ್ಟಿಕೊಳ್ಳುತ್ತವೆ. ಅರ್ಧ ಗಂಟೆ ತಡವಾದರೆ ಪುಂತಾ ಕಾನಾ ತಲುಪುವುದು ಒಂದು ಗಂಟೆ ತಡ, ಕತ್ತಲಲ್ಲಿ ದೀಪವಿಲ್ಲದ ಬೈಕುಗಳ ಕಾಟ ಬೇರೆ. ಗುಹೆಯೊಳಗಿನ ಕೊಳಗಳ ತ್ರೆಸ್ ಓಹೊಸ್ ಇದೇ ದಾರಿಯಲ್ಲಿದೆ. ಅದೂ ಬೇಕೆನ್ನುವವರು ದೊಮಿನಿಕನ್ ಮಠ, ಎಲ್ ಕೊಂದೆ ಎರಡನ್ನೂ ಬಿಟ್ಟು ಮೂರೂಕಾಲಿಗೇ ಹೊರಡಬೇಕು. ಕಡಿದಾದ ಮೆಟ್ಟಿಲು, ಸದಾ ಒದ್ದೆ, ಮಂಡಿನೋವಿರುವವರನ್ನು ಇಳಿಸಬೇಡಿ. ಕೊನೆಯ ಕೊಳಕ್ಕೆ ದಾಟಿಸುವ ತೆಪ್ಪಕ್ಕೆ ಬೇರೆ ಹಣ, ಚಿಲ್ಲರೆ ಉಳಿಸಿಕೊಂಡಿರಿ.